ಬರಲಿರುವ ನೀರಿನ ಕಚೇರಿ

ಅಧ್ಯಕ್ಷರು ಎಂದರೆ ಅವರು ಯಾವ ದೇಶಕ್ಕೂ, ಯಾವ ಸಂಸ್ಥೆಗೂ ಅಧ್ಯಕ್ಷರಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರುಗಳ ಕಿಟಕಿಯ ಹಿಂದೆ ಕೂತು, ಬಂದವರ ಬೈಗುಳವನ್ನೆಲ್ಲ ಸಭ್ಯ ಭಾಷೆಯಲ್ಲಿ ಬರೆದುಕೊಂಡು, ಅದಕ್ಕೊಂದು ನಂಬರು ಕೊಟ್ಟು ಸಾಗಹಾಕುವ ಗುಮಾಸ್ತರು. ಕಚೇರಿಯಲ್ಲಿ ಅವರ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಅವರ ಮಾತನ್ನು ಕೇಳಿಸಿಕೊಳ್ಳುತ್ತಿದ್ದರು, ಆದರೆ ಒಪ್ಪುತ್ತಿರಲಿಲ್ಲ. ಅತ್ತೆ ಒಪ್ಪುತ್ತಿದ್ದರು, ಆದರೆ ಅವರಿಗೆ ಕಿವಿ ಮಂದ.

ಇಂಥ ಮನುಷ್ಯ ತಿಂಗಳಿಗೊಂದು ಭಾನುವಾರ ನಿಜವಾಗಿಯೂ ಅಧ್ಯಕ್ಷರಾಗಿಬಿಡುತ್ತಿದ್ದರು. ಒಂದಕ್ಕೊಂದು ಸಿಕ್ಕಿಸಿ ಮನೆ, ರೈಲು, ಹಡಗು ಕಟ್ಟುವ ಪ್ಲಾಸ್ಟಿಕ್ ಬ್ಲಾಕುಗಳಿವೆಯಲ್ಲ, ಅವು ಮಕ್ಕಳ ಆಟಿಕೆ ಎಂದು ಲೋಕ ತಪ್ಪು ತಿಳಿದುಕೊಂಡಿದೆ. ಆ ತಪ್ಪನ್ನು ತಿದ್ದಲೆಂದೇ ಹುಟ್ಟಿದ ಬಳಗವೊಂದಿತ್ತು. ಅದರಲ್ಲಿ ಹಲ್ಲಿನ ಡಾಕ್ಟರು ಇದ್ದರು, ಬಸ್ಸಿನ ಕಂಡಕ್ಟರಮ್ಮ ಇದ್ದರು, ಟೈಲರು ಇದ್ದರು, ಇನ್ನೂ ನಾಲ್ಕಾರು ಮಂದಿ ತಲೆ ನರೆತವರಿದ್ದರು. ಆಟಿಕೆ ಕಂಪನಿಯವರು ಮುಂದೆ ಬರಲಿರುವ ಸೆಟ್ಟುಗಳ ಚಿತ್ರಗಳನ್ನು ಇಂಥ ಬಳಗಗಳಿಗೆ ಮೊದಲೇ ಕಳಿಸುತ್ತಿದ್ದರು. ಅಧ್ಯಕ್ಷರು ತಮ್ಮ ಮನೆಯ ಹಾಲಿನ ಟಿ.ವಿ.ಯಲ್ಲಿ ಆ ಚಿತ್ರಗಳನ್ನು ಹಾಕಿ, ಹಳೆಯ ಛತ್ರಿಯ ತುದಿಯಿಂದ ತೋರಿಸುತ್ತ ವಿವರಿಸುತ್ತಿದ್ದರು. ಮಗು ಹುಟ್ಟುವ ಮೊದಲೇ ಮೂಗು ಯಾರದೆಂದು ಕಿತ್ತಾಡುವ ನೆಂಟರ ಹಾಗೆ ಎಲ್ಲರೂ ಕಿತ್ತಾಡುತ್ತಿದ್ದರು. "ಅಧ್ಯಕ್ಷರೇ, ನೀವೇನಂತೀರಿ?" ಎಂದು ಕೊನೆಗೆ ಯಾರಾದರೂ ಕೇಳುತ್ತಿದ್ದರು. ಆ ಒಂದು ಪ್ರಶ್ನೆಗಾಗಿ ಅವರು ತಿಂಗಳಿಡೀ ಬೈಗುಳ ಬರೆದುಕೊಳ್ಳುತ್ತಿದ್ದರು ಎಂದರೂ ಸುಳ್ಳಲ್ಲ.

ಹೀಗಿರುವಾಗ ಕಂಪನಿಯಿಂದ ಬಂತು ಪ್ರಕಟಣೆ. ಇನ್ನು ಮುಂದೆ ಯಾವ ಸೆಟ್ಟಿನ ಚಿತ್ರವನ್ನೂ ಅದು ಅಂಗಡಿಗೆ ಬರುವ ದಿನದವರೆಗೆ ಯಾರಿಗೂ ತೋರಿಸುವುದಿಲ್ಲ. ಹೇಗಾದರೂ ಸಂಪಾದಿಸಿ ತೋರಿಸಿದ ಬಳಗದ ಮಾನ್ಯತೆ ರದ್ದಾಗುತ್ತದೆ. ಅಭಿಮಾನಿಗಳ ಸಂತೋಷವನ್ನು ಹೆಚ್ಚಿಸುವುದೇ ಈ ಕ್ರಮದ ಉದ್ದೇಶ.

ಮೊದಲೆರಡು ವಾಕ್ಯಗಳನ್ನು ಅಧ್ಯಕ್ಷರು ಹೇಗೋ ನುಂಗಿಕೊಂಡರು. ಮೂರನೆಯದು ಗಂಟಲಲ್ಲಿ ಸಿಕ್ಕಿಕೊಂಡಿತು.

"ನನ್ನ ಸಂತೋಷ ಹೆಚ್ಚಿಸೋಕೆ ಇವರ್ಯಾರು? ನಾನು ಕೇಳಿದ್ನಾ? ಇದ್ದದ್ದನ್ನ ಕಿತ್ಕೊಂಡು ಸಂತೋಷಪಡು ಅಂತಾರಲ್ಲ!" ಎಂದು ಹಾಲಿನ ತುಂಬ ಓಡಾಡಿದರು.

"ನೀರು ಬಂತಾ ಅಳಿಯಂದ್ರೇ?" ಎಂದು ಒಳಗಿನಿಂದ ಅತ್ತೆ ಕೇಳಿದರು. ಆ ಮನೆಯಲ್ಲಿ ಇಷ್ಟು ಗದ್ದಲವಾಗುವುದು ನೀರು ಬಂದಾಗ ಮಾತ್ರ.

ಅಧ್ಯಕ್ಷರು ಕೂತು ಕಂಪನಿಗೆ ಒಂದು ದೂರು ಬರೆದರು. ಊರವರ ದೂರುಗಳನ್ನು ಬರೆದು ಬರೆದು ಪಳಗಿದ ಕೈ. ತಮ್ಮದೇ ದೂರು ಬರೆದದ್ದು ಅದೇ ಮೊದಲು. ಕಲ್ಲು ಕರಗುವ ಹಾಗೆ ಬರೆದರು. ಉತ್ತರವೂ ಬೇಗನೆ ಬಂತು: "ನಿಮ್ಮ ದೂರು ನಮಗೆ ಅಮೂಲ್ಯ. ಅದು ಪರಿಶೀಲನೆಯಲ್ಲಿದೆ. ದಯವಿಟ್ಟು ತಾಳ್ಮೆಯಿಂದ ಸಹಕರಿಸಿ." ಕೆಳಗೆ ಒಂದು ನಂಬರು.

ಅಧ್ಯಕ್ಷರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಇದೇ ವಾಕ್ಯಗಳನ್ನು ಇದೇ ಕ್ರಮದಲ್ಲಿ ಅವರು ಊರಿಗೆಲ್ಲ ಹಂಚುತ್ತ ಬಂದಿದ್ದರು. ಪರಿಶೀಲನೆ ಎಂದರೇನೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರ ಮೇಜಿನ ಕೆಳಗಿರುವ ರಟ್ಟಿನ ಡಬ್ಬಕ್ಕೆ ಆ ಹೆಸರು.

ಅಷ್ಟರಲ್ಲಿ ಹಲ್ಲಿನ ಡಾಕ್ಟರ ಫೋನು.

"ಅಧ್ಯಕ್ಷರೇ, ಈ ಭಾನುವಾರ ಸಭೆ ಇದೆಯೋ ಇಲ್ವೋ? ತೋರಿಸೋಕೆ ಏನೂ ಇಲ್ಲ ಅಂದ್ರೆ ಬಂದು ಏನ್ಮಾಡೋದು? ಕಂಡಕ್ಟರಮ್ಮನೂ ಅದೇ ಅಂತಿದ್ರು. ನನಗಂತೂ ಒಂದಿಬ್ಬರ ಹಲ್ಲು ಕೀಳೋದು ಬಾಕಿ ಇದೆ."

ಅಧ್ಯಕ್ಷರಿಗೆ ಮುಂದಿನದೆಲ್ಲ ಕಾಣಿಸಿತು. ಒಂದು ಭಾನುವಾರ ತಪ್ಪಿದರೆ ಇನ್ನೊಂದು ತಪ್ಪುತ್ತದೆ. ಆಮೇಲೆ ಬಳಗ ಎಲ್ಲಿ, ಅಧ್ಯಕ್ಷರೆಲ್ಲಿ? ಉಳಿಯುವುದು ಕಿಟಕಿ, ಬೈಗುಳ, ನಂಬರು. ಭಯವಾದಾಗ ಕೆಲವರು ಬೆವರುತ್ತಾರೆ, ಕೆಲವರು ಸುಮ್ಮನಾಗುತ್ತಾರೆ. ಅಧ್ಯಕ್ಷರು ಬಡಾಯಿ ಕೊಚ್ಚುತ್ತಾರೆ.

"ಯಾರ್ರೀ ಹೇಳಿದ್ದು ಏನೂ ಇಲ್ಲ ಅಂತ? ಕಂಪನಿ ತೋರಿಸದಿದ್ರೆ ಬಿಡಲಿ, ನಾನು ತೋರಿಸ್ತೀನಿ! ಚಿತ್ರ ಅಲ್ಲ ಡಾಕ್ಟ್ರೇ, ಇಡೀ ಸೆಟ್ಟನ್ನೇ ಮೇಜಿನ ಮೇಲೆ ಇಡ್ತೀನಿ. ಹಲ್ಲು ಎಲ್ಲಿ ಹೋಗುತ್ತೆ, ಸೋಮವಾರ ಕೀಳಿ."

ಫೋನು ಇಟ್ಟ ಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿತು.

ಇನ್ನು ದಾರಿ ಒಂದೇ. ಮಂಚದ ಕೆಳಗಿನಿಂದ ಹಳೆಯ ಬ್ಲಾಕುಗಳ ಚೀಲಗಳನ್ನು ಎಳೆದು ಊಟದ ಮೇಜಿನ ಮೇಲೆ ಸುರಿದರು. ಕೋಟೆ ಕಟ್ಟಲು ಹೋದರು, ಅದು ದನದ ಕೊಟ್ಟಿಗೆಯಂತಾಯಿತು. ಆಕಾಶನೌಕೆ ಕಟ್ಟಿದರು, ಇಸ್ತ್ರಿಪೆಟ್ಟಿಗೆಯಾಯಿತು. ಕೋಟೆಯನ್ನಾಗಲಿ ಆಕಾಶವನ್ನಾಗಲಿ ಹತ್ತಿರದಿಂದ ಕಂಡವರೇ ಅಲ್ಲ ಅವರು. ತಲೆ ಕೆರೆದುಕೊಂಡು ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಅದೇ ಹಾಳು ಕಚೇರಿ. ಸರಿ, ಅದನ್ನೇ ಕಟ್ಟತೊಡಗಿದರು. ಆಗ ನೋಡಿ, ಕೈಗೆ ಕಣ್ಣು ಬಂದಂತಾಯಿತು.

ನಾಲ್ಕು ಕಾಲಿನ ಮೇಲೆ ನಿಂತ ನೀರಿನ ಟ್ಯಾಂಕು ಎದ್ದಿತು. ಅದರ ಬುಡದಲ್ಲಿ ಅರ್ಧ ಬಾಗಿಲು ಎಳೆದ ದೂರುಗಳ ಕಿಟಕಿ. ಕಿಟಕಿಯ ಹಿಂದೆ ಕಾಫಿ ಕಪ್ಪು ಹಿಡಿದ ಗುಮಾಸ್ತ. ಮುಂದೆ ಉದ್ದಕ್ಕೆ ಸಾಲು. ನೆರಳಿರುವ ಒಂದೇ ಜಾಗದಲ್ಲಿ ಇಂಜಿನಿಯರ್ ಸಾಹೇಬರ ಕಾರು. ಗೇಟಿನ ಪಕ್ಕದಲ್ಲಿ ಆ ಪ್ರಸಿದ್ಧ ಪೈಪು. ಕಚೇರಿಯ ಗೋಡೆಗೇ ಅಂಟಿಕೊಂಡು ವರ್ಷಗಳಿಂದ ಸೋರುತ್ತಿದ್ದ ಪೈಪು ಅದು. ಅದರ ಬುಡದಲ್ಲಿ ಹುಲ್ಲು ಬೆಳೆದು, ಹುಲ್ಲಿಗೆ ಬೆಕ್ಕು ಬಂದು ಮಲಗುತ್ತಿತ್ತು. ಬೆಕ್ಕನ್ನೂ ಇಟ್ಟರು. ಸಾಲಿನಲ್ಲಿ ನಿಲ್ಲಿಸಲು ಗೊಂಬೆಗಳು ಸಾಲದೆ ಬಂದಾಗ ಹಳೆಯ ಕಡಲ್ಗಳ್ಳರ ಸೆಟ್ಟಿನಿಂದ ಮರದ ಕಾಲಿನವನೊಬ್ಬನನ್ನು ತಂದು ಕೊನೆಗೆ ನಿಲ್ಲಿಸಿದರು.

ಇಷ್ಟು ದಿನವೂ ಮನೆಯವರು ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡಿದರು. ಮೇಜಿನ ಮೇಲೆ ಬೆಡ್‌ಶೀಟು. ಭಾನುವಾರದವರೆಗೆ ಯಾರೂ ಅದನ್ನು ಎತ್ತಕೂಡದೆಂದು ಅಧ್ಯಕ್ಷರ ಅಪ್ಪಣೆಯಾಗಿತ್ತು.

"ಅಲ್ಲರೀ, ಮೊದಲೇ ತೋರಿಸಲ್ಲ ಅಂತ ಆ ಕಂಪನಿಯವರಿಗೆ ಬಾಯಿಗೆ ಬಂದ ಹಾಗೆ ಬೈದ್ರಲ್ಲ. ಈಗ ನೀವು ಮಾಡ್ತಿರೋದೇನು?" ಎಂದರು ಹೆಂಡತಿ, ತಟ್ಟೆ ಕೈಯಲ್ಲಿ ಹಿಡಿದುಕೊಂಡೇ.

"ಅದು ಬೇರೆ, ಇದು ಬೇರೆ."

"ಹೇಗೆ ಬೇರೆ?"

"ಅವರದ್ದು ದಬ್ಬಾಳಿಕೆ. ನನ್ನದು... ಇನ್ನೂ ಮುಗಿದಿಲ್ಲ."

ಹೆಂಡತಿ ಮಾತು ಬೆಳೆಸಲಿಲ್ಲ. ಗಂಡ ಕಚೇರಿಗೆ ಹೋದ ಮೇಲೆ ದಿನಾ ಬೆಡ್‌ಶೀಟು ಎತ್ತಿ ನೋಡುತ್ತಿದ್ದವರು ಹೆಚ್ಚು ಮಾತಾಡಬಾರದಲ್ಲ.

ಭಾನುವಾರ ಬಂತು. ಬಳಗ ಬಂತು. ಅಧ್ಯಕ್ಷರು ಬೆಡ್‌ಶೀಟು ಎಳೆದರು. ಎಲ್ಲರೂ ಮೇಜಿನ ಸುತ್ತ ಮುತ್ತಿಕೊಂಡರು.

"ನೀರಿನ ಕಚೇರಿ!" ಎಂದರು ಡಾಕ್ಟರು ಕೊನೆಗೆ. "ಇಂಥ ಸೆಟ್ಟು ಕನಸಲ್ಲೂ ಎಣಿಸಿರಲಿಲ್ಲ. ಅದಕ್ಕೇ ಇಷ್ಟು ಗುಟ್ಟು ಮಾಡಿದ್ದಾರೆ ಕಳ್ಳರು!"

"ಬಣ್ಣ ಮಾಸಿದೆಯಲ್ಲ?" ಎಂದರು ಟೈಲರು, ಬಟ್ಟೆ ನೋಡುವ ಕಣ್ಣಿನಿಂದ.

"ಬೇಕಂತಲೇ ಮಾಸಿಸಿದ್ದಾರೆ. ಸರ್ಕಾರಿ ಕಟ್ಟಡ ಅಲ್ವೇನ್ರೀ? ಎಂಥ ಸೂಕ್ಷ್ಮ ನೋಡಿ!" ಎಂದರು ಡಾಕ್ಟರು.

ಕಂಡಕ್ಟರಮ್ಮ ಬಗ್ಗಿ ಸಾಲಿನ ಕೊನೆಯನ್ನು ನೋಡುತ್ತಿದ್ದವರು ಕಣ್ಣೊರೆಸಿಕೊಂಡರು. "ಇವನಿಗೆ ಮರದ ಕಾಲು ಇಟ್ಟಿದ್ದಾರೆ. ದೂರು ಕೊಡೋಕೆ ಅಲೆದೂ ಅಲೆದೂ ಕಾಲೇ ಸವೆದುಹೋಗಿದೆ, ಪಾಪ. ಯಾವನೋ ಅನುಭವಸ್ಥನೇ ಮಾಡಿರೋದು ಇದನ್ನ."

ಆ ಕ್ಷಣಕ್ಕೆ ಅಧ್ಯಕ್ಷರು "ಆ ಅನುಭವಸ್ಥ ನಾನೇ" ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿದು, ನಮಗೆ ಹೇಳಲು ಕಥೆಯೇ ಇರುತ್ತಿರಲಿಲ್ಲ. ನಾಲಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಟೈಲರು, "ಅಧ್ಯಕ್ಷರಿಗೆ ಕಂಪನಿ ಒಳಗೇ ಕೈ ಇದೆ ಅನ್ನಿ! ಯಾರವರು?" ಎಂದು ಕೇಳಿಬಿಟ್ಟರು. ಎಲ್ಲರೂ ಅವರನ್ನು ನೋಡಿದ ಆ ನೋಟವಿದೆಯಲ್ಲ, ಅಂಥ ನೋಟಕ್ಕೆ ದೊಡ್ಡ ದೊಡ್ಡವರೇ ಜಾರಿದ್ದಾರೆ.

"ಅದನ್ನೆಲ್ಲ ಕೇಳಬಾರದು," ಎಂದರು ಅಧ್ಯಕ್ಷರು, ಛತ್ರಿಯನ್ನು ಮೂಲೆಗೆ ಆನಿಸುತ್ತ.

ಡಾಕ್ಟರು ಒಂದು ಫೋಟೋ ತೆಗೆದರು. ಯಾರಿಗೂ ಕಳಿಸುವುದಿಲ್ಲ ಎಂದು ಮಾತು ಕೊಟ್ಟು, ತಮ್ಮ ಷಡ್ಡಕರಿಗೆ ಮಾತ್ರ ಕಳಿಸಿದರು. ಷಡ್ಡಕರೂ ಯಾರಿಗೂ ಕಳಿಸಲಿಲ್ಲ, ತಮ್ಮ ಆಪ್ತರ ಗುಂಪಿಗೆ ಮಾತ್ರ ಹಾಕಿದರು. ಸೋಮವಾರ ಅಧ್ಯಕ್ಷರು ಹಲ್ಲುಜ್ಜುವ ಹೊತ್ತಿಗೆ ಕಂಡು ಕೇಳರಿಯದ ದೇಶಗಳ ಅಭಿಮಾನಿಗಳೆಲ್ಲ ನೀರಿನ ಕಚೇರಿಯ ಬಗ್ಗೆ ವಾದ ಮಾಡುತ್ತಿದ್ದರು. ಒಬ್ಬ ಟ್ಯಾಂಕು ಒಂದಂಗುಲ ಎತ್ತರವಾಯಿತೆಂದ. ಇನ್ನೊಬ್ಬ ಬೆಕ್ಕು ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿದ. ಮತ್ತೊಬ್ಬನಂತೂ ಈ ಸೆಟ್ಟನ್ನು ಕಂಪನಿಯ ಗೋದಾಮಿನಲ್ಲಿ ತಾನು ಕಣ್ಣಾರೆ ಕಂಡಿರುವುದಾಗಿಯೂ ಡಬ್ಬ ಬಹಳ ಭಾರವಿರುವುದಾಗಿಯೂ ಬರೆದಿದ್ದ. ಅದನ್ನು ಓದಿ ಅಧ್ಯಕ್ಷರಿಗೇ ಒಂದು ಗಳಿಗೆ ಇರಬಹುದೇನೋ ಅನ್ನಿಸಿತು.

ಕೇರಿಯವರ ನಡವಳಿಕೆ ಬದಲಾಯಿತು. ಇದುವರೆಗೆ ಮುಖ ಸಿಂಡರಿಸುತ್ತಿದ್ದ ಮೇಲಿನ ಮನೆಯ ಮಾಲೀಕರು ಮೆಟ್ಟಿಲಿಳಿದು ಬಂದು, ದನಿ ತಗ್ಗಿಸಿ, "ನಿಮಗೆ ದೊಡ್ಡ ದೊಡ್ಡ ಕಡೆ ಒಳಗಿನವರ ಪರಿಚಯ ಇದೆಯಂತೆ. ನನ್ನ ಮಗಳ ಪರೀಕ್ಷೆ ಪೇಪರು..." ಎಂದರು. ಅಧ್ಯಕ್ಷರು ಕೈ ಮುಗಿದರು. ಮಾಲೀಕರು ಅದನ್ನು ಒಪ್ಪಿಗೆ ಎಂದು ತಿಳಿದು ಸಂತೋಷದಿಂದ ಹತ್ತಿಹೋದರು.

ಕಚೇರಿಯಲ್ಲಿ ಇಂಜಿನಿಯರ್ ಸಾಹೇಬರ ಕರೆ ಬಂತು. ಇಷ್ಟು ವರ್ಷದಲ್ಲಿ ಅಧ್ಯಕ್ಷರು ಆ ಕೋಣೆಯ ಹೊಸ್ತಿಲು ದಾಟಿದವರಲ್ಲ. ಸಾಹೇಬರು ಫೋನನ್ನು ಮೇಜಿನ ಮೇಲೆ ಚಾಚಿ ಹಿಡಿದಿದ್ದರು. ಅದರ ತುಂಬ ನೀರಿನ ಕಚೇರಿ.

"ಏನಿದು?"

"ಸಾರ್... ಆಟಿಕೆ ಸಾರ್."

"ಆಟಿಕೇನೇನ್ರೀ! ನನ್ನ ಕಾರು! ನಮ್ಮ ಪೈಪು! ನಮ್ಮ ಬೆಕ್ಕು! ನಮ್ಮ ಕಚೇರಿ ಒಳಗಿಂದ ಯಾವನೋ ಆ ಕಂಪನಿಗೆ ಎಲ್ಲ ಮಾಹಿತಿ ಕೊಟ್ಟಿದ್ದಾನೆ. ಜಗತ್ತಿನ ಮಕ್ಕಳೆಲ್ಲ ನಮ್ಮ ಸೋರೋ ಪೈಪನ್ನ ಕಟ್ಟಿ ಆಡ್ತಾರೆ, ಗೊತ್ತೇನ್ರೀ? ಯಾರವನು ಅಂತ ನೀವು ಪತ್ತೆ ಮಾಡಬೇಕು."

"ನಾನಾ ಸಾರ್?"

"ನೀವೇ. ನಿಮ್ಮ ಮೇಲೆ ಯಾರಿಗೂ ಅನುಮಾನ ಬರಲ್ಲ. ನೀವಿರೋದೇ ಯಾರಿಗೂ ಗೊತ್ತಿಲ್ಲ."

ಹೀಗೆ ಅಧ್ಯಕ್ಷರು ತಮ್ಮನ್ನು ತಾವೇ ಹುಡುಕುವ ಕೆಲಸ ಹೊತ್ತು ಹೊರಬಂದರು. ಬಂದು ನೋಡಿದರೆ ಗೇಟಿನ ಹತ್ತಿರ ಗುದ್ದಲಿ ಹಿಡಿದ ಜನ, ಹೊಸ ಪೈಪು, ಮೇಸ್ತ್ರಿ. ಸೆಟ್ಟು ಮಾರುಕಟ್ಟೆಗೆ ಬರುವುದರೊಳಗೆ ಸೋರುವುದು ನಿಲ್ಲಬೇಕೆಂದು ಸಾಹೇಬರ ಆಜ್ಞೆಯಾಗಿತ್ತು. ಊರವರ ಎಷ್ಟೋ ದೂರುಗಳಿಂದ ಆಗದ ಕೆಲಸ ಆಟಿಕೆಯ ಭಯದಿಂದ ಸಂಜೆಯೊಳಗೆ ಆಯಿತು. ಬೆಕ್ಕು ಮಾತ್ರ ಒಣ ನೆಲವನ್ನು ಮೂಸಿ ನೋಡಿ, ಇಲಾಖೆಯ ಮೇಲೆ ಮುನಿಸಿಕೊಂಡು ಹೊರಟುಹೋಯಿತು. ಮುಂದೆ ನಿಜ ತಿಳಿದಾಗ ಸಾಹೇಬರು, "ಹಾಗಾದ್ರೆ ರಿಪೇರಿ ಮಾಡಿಸಿದ್ದು ದಂಡ!" ಎಂದು ಹಲುಬಿದರಂತೆ. ಆ ಮಾತು ಇಲ್ಲಿ ಬೇಡ.

ಮರುವಾರ ಬಳಗದವರು ಕರೆಯದೆಯೇ ಬಂದರು. ಕಂಡಕ್ಟರಮ್ಮ ತಂಗಿಯನ್ನು ಕರೆತಂದರು, ಟೈಲರು ತಮ್ಮ ಮಾವನವರನ್ನು. ಕಾಫಿಗೆ ಲೋಟ ಸಾಲದೆ ಹೆಂಡತಿ ಅಳತೆಯ ಪಾವಿನಲ್ಲೂ ಕೊಟ್ಟರು. ಅಧ್ಯಕ್ಷರು ಛತ್ರಿ ಎತ್ತುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು.

ಬಂದವರು ಕೋಟು ತೊಟ್ಟ ಸಣಕಲು ಮನುಷ್ಯ. ಕಂಕುಳಲ್ಲಿ ಮಡಚಿದ ದೊಡ್ಡ ರಟ್ಟಿನ ಪೆಟ್ಟಿಗೆ, ಕೈಯಲ್ಲಿ ಅಂಟುಪಟ್ಟಿ. "ನಾನು ಆಟಿಕೆ ಕಂಪನಿಯ ಗೋಪ್ಯತಾ ವಿಭಾಗದ ಅಧಿಕಾರಿ," ಎಂದು ಚೀಟಿ ತೋರಿಸಿ, ಅದನ್ನು ಯಾರೂ ಪೂರ್ತಿ ಓದುವ ಮೊದಲೇ ಜೇಬಿಗಿಟ್ಟುಕೊಂಡರು. ಅಭ್ಯಾಸಬಲ.

"ಇದೇ ತಾನೇ? ಕಂಪನಿಯ ಆಸ್ತಿ. ವಶಪಡಿಸಿಕೊಳ್ಳೋಕೆ ಬಂದಿದ್ದೀನಿ. ಇವತ್ತಿಂದ ನಿಮ್ಮ ಬಳಗದ ಮಾನ್ಯತೆಯೂ ರದ್ದು."

ಅಧ್ಯಕ್ಷರು ಅಧಿಕಾರಿಯನ್ನು ಮೂಲೆಗೆ ಕರೆದು ಪಿಸುಗುಟ್ಟಿದರು. "ಸ್ವಾಮಿ, ಇದು ನಿಮ್ಮ ಸೆಟ್ಟೇ ಅಲ್ಲ. ನಿಮ್ಮ ಕಂಪನೀಲಿ ಇಂಥದ್ದು ಇಲ್ಲ ಅಂತ ನಿಮಗೆ ಗೊತ್ತಿಲ್ವಾ?"

"ಹೇಗೆ ಗೊತ್ತಿರುತ್ತೆ?" ಎಂದರು ಅಧಿಕಾರಿ ಗಟ್ಟಿಯಾಗಿಯೇ. "ನಮಗೂ ತೋರಿಸಲ್ಲ. ಡಬ್ಬ ಅಂಗಡಿಗೆ ಬಂದ ಮೇಲೆ ನಾನೂ ಅಂಗಡೀಲೇ ನೋಡೋದು. ನೀರಿನ ಕಚೇರಿ ಅಂತ ಒಂದು ಸೆಟ್ಟು ಬರ್ತಿದೆಯಾ ಅಂತ ಮೇಲಿನವರನ್ನ ಕೇಳಿದೆ. ಹೌದು ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ, ಅದು ಗುಟ್ಟು ಅಂದ್ರು. ಇಷ್ಟು ಗುಟ್ಟು ಮಾಡ್ತಾರೆ ಅಂದ್ರೆ ಇದ್ದೇ ಇರುತ್ತೆ!"

ಅಧ್ಯಕ್ಷರು ದಂಗಾದರು. ಇಷ್ಟು ದಿನ ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದದ್ದು ಈ ಪಾಪದ ಪ್ರಾಣಿಯ ಮೇಲೆಯೇ? ಅಧಿಕಾರಿ ಪೆಟ್ಟಿಗೆ ಬಿಡಿಸಿ ನೀರಿನ ಟ್ಯಾಂಕಿಗೆ ಕೈ ಹಾಕಿದರು.

ಈಗ ಅಧ್ಯಕ್ಷರ ಮುಂದೆ ಇದ್ದದ್ದು ಎರಡೇ. ಸುಮ್ಮನಿದ್ದರೆ ಟ್ಯಾಂಕೂ ಮಾನ್ಯತೆಯೂ ಹೋಗುತ್ತವೆ, ಆದರೆ ಕಂಪನಿಯನ್ನೇ ನಡುಗಿಸಿದ ಗಂಡು ಎಂಬ ಹೆಸರು ಉಳಿಯುತ್ತದೆ, ಬಳಗವೂ ಉಳಿಯುತ್ತದೆ. ಬಾಯಿ ಬಿಟ್ಟರೆ ಟ್ಯಾಂಕು ಉಳಿಯಬಹುದು. ಆದರೆ ಸುಳ್ಳು ಹೇಳಿ ಕಾಫಿ ಕುಡಿಸಿದ ಮನುಷ್ಯನ ಮನೆಗೆ ಇನ್ನು ಯಾರು ಬರುತ್ತಾರೆ? ಅಧಿಕಾರಿಯ ಬೆರಳು ತಗುಲಿ ಸಾಲಿನ ಕೊನೆಯ ಮರದ ಕಾಲಿನವನು ಮಗುಚಿ ಬಿದ್ದ. ಅದನ್ನು ಕಂಡದ್ದೇ ತಡ, ಜನ್ಮದಲ್ಲಿ ಯಾರಿಗೂ ದನಿಯೇರಿಸದ ಗುಮಾಸ್ತರಿಗೆ ಎಲ್ಲಿತ್ತೋ ಆ ರೋಷ.

"ಮುಟ್ಟಬೇಡಿ! ಕೈ ತೆಗೀರಿ ಅಂದೆ! ಇದು ನಂದು. ಇಡೀ ನೀರಿನ ಕಚೇರಿ ನಾನು ಕಟ್ಟಿದ್ದು. ಕಂಪನಿ ಒಳಗೆ ನನಗೆ ಯಾರ ಕೈಯೂ ಇಲ್ಲ, ಇರೋದು ಇವೆರಡೇ ಕೈ. ನೋಡಿ ಡಾಕ್ಟ್ರೇ, ನೀವೂ ನೋಡಿ, ನಿಮಗೆಲ್ಲ ಸುಳ್ಳು ಹೇಳಿದ್ದೀನಿ. ಬೈಯೋದಿದ್ರೆ ಆಮೇಲೆ ಬೈಯಿರಿ, ಬರ್ಕೊಳ್ತೀನಿ. ಆದ್ರೆ ಇದನ್ನ ಮಾತ್ರ ಯಾವ ಕಂಪನಿಗೂ ಕೊಡಲ್ಲ. ನೀವು ತೋರಿಸಲ್ಲ ಅಂದ್ರಿ, ಸರಿ, ನಾವು ಕಟ್ಕೊಂಡ್ವಿ. ಕಟ್ಟಬಾರದು ಅಂತ ಹೇಳೋಕೆ ನೀವ್ಯಾರು?"

"ನೀವು ಕಟ್ಟಿದ್ದು ಅನ್ನೋಕೆ ಸಾಕ್ಷಿ ಏನು?" ಎಂದರು ಅಧಿಕಾರಿ, ಒಂದು ಹೆಜ್ಜೆ ಹಿಂದೆ ಸರಿಯುತ್ತ.

ಅಧ್ಯಕ್ಷರು ಎರಡೂ ತೋಳುಗಳಿಂದ ನೀರಿನ ಕಚೇರಿಯನ್ನು ಬಾಚಿ ಮೇಜಿನಿಂದ ನೆಲಕ್ಕೆ ಕೆಡವಿದರು. ಟ್ಯಾಂಕು, ಕಿಟಕಿ, ಸಾಹೇಬರ ಕಾರು, ಎಲ್ಲ ಹಾಲಿನ ತುಂಬ ಚೆಲ್ಲಾಪಿಲ್ಲಿಯಾಯಿತು. ಕಂಡಕ್ಟರಮ್ಮ ಕಿಟ್ಟನೆ ಕಿರುಚಿದರು. ಕಿವಿ ಮಂದದ ಅತ್ತೆ ಕೂಡ ಈ ಸದ್ದಿಗೆ ಹೊರಬಂದು ನೋಡಿದರು.

"ಕಂಪನಿ ಸೆಟ್ಟಾದ್ರೆ ಕಟ್ಟೋ ಪುಸ್ತಕ ಇರುತ್ತೆ ತಾನೇ? ತರಿಸಿ, ನೋಡಿ ಕಟ್ಟಿ, ತಗೊಂಡು ಹೋಗಿ!" ಎಂದು ಅಧ್ಯಕ್ಷರು ನೆಲದ ಮೇಲೆ ಕೂತುಬಿಟ್ಟರು. ತಲೆ ಎತ್ತಿ ಬಳಗದವರ ಮುಖ ನೋಡುವ ಧೈರ್ಯವಾಗಲಿಲ್ಲ. ಚಪ್ಪಲಿ ಮೆಟ್ಟುವ ಸದ್ದಿಗಾಗಿ ಕಾಯುತ್ತ ನಾಲ್ಕು ಬ್ಲಾಕುಗಳನ್ನು ಒಂದರ ಮೇಲೊಂದು ಸಿಕ್ಕಿಸಿದರು. ಅದು ಟ್ಯಾಂಕಿನ ಕಾಲು.

ಯಾರೋ ಪಕ್ಕದಲ್ಲಿ ಮಂಡಿಯೂರಿದರು. ಡಾಕ್ಟರು.

"ಇದನ್ನ ನೀವು ಕಟ್ಟಿದ್ರಾ? ಪುಸ್ತಕ ಇಲ್ದೆ?" ಎಂದರು. ಆಮೇಲೆ ಸಿಟ್ಟಿನಿಂದಲೇ, "ಮೊದಲೇ ಹೇಳೋಕೆ ಏನಾಗಿತ್ರೀ ನಿಮಗೆ? ಕಂಪನಿಯವನ್ಯಾರೋ ಅಂತ ಒಂದು ವಾರ ಹೊಗಳಿದೆನಲ್ಲ, ನನ್ನ ಹೊಗಳಿಕೆ ದಂಡ ಮಾಡಿದ್ರಲ್ಲ!" ಎಂದು ರೇಗಿ, ಎರಡನೇ ಕಾಲಿಗೆ ಬ್ಲಾಕು ಹುಡುಕತೊಡಗಿದರು.

"ಈ ಸಲ ಪಕ್ಕದಲ್ಲಿ ಬಸ್‌ಸ್ಟಾಂಡೂ ಇರಲಿ ಅಧ್ಯಕ್ಷರೇ," ಎಂದರು ಕಂಡಕ್ಟರಮ್ಮ, ಸೆರಗು ಸಿಕ್ಕಿಸಿಕೊಂಡು ಕೂರುತ್ತ. "ನೀರಿಲ್ಲದೆ ಬೈಯೋರು ನಿಮಗಾದ್ರೆ, ಚಿಲ್ಲರೆ ಇಲ್ಲದೆ ಬೈಯೋರು ನಮಗೆ. ನೀವೇನಂತೀರಿ?"

ಅಧ್ಯಕ್ಷರು ತಲೆಯಾಡಿಸಿ, ಬ್ಲಾಕುಗಳನ್ನು ಸರಿಸಿ ಬಸ್‌ಸ್ಟಾಂಡಿಗೆ ಜಾಗ ಬಿಟ್ಟರು. ಟೈಲರೂ ಅವರ ಮಾವನವರೂ ಕೂತರು. ಹೆಂಡತಿ ಬಂದು, ಯಾರೂ ಹೇಳದೆಯೇ, ಗುಮಾಸ್ತನ ಕಾಫಿ ಕಪ್ಪು ಬಲಗೈಯಲ್ಲಿತ್ತು ಎಂದು ಸರಿಪಡಿಸಿ ಹೋದರು.

ನಿಂತಿದ್ದವರು ಅಧಿಕಾರಿ ಒಬ್ಬರೇ. ಕೋಟು, ಖಾಲಿ ಪೆಟ್ಟಿಗೆ, ಅಂಟುಪಟ್ಟಿ. ಆಟಿಕೆ ಕಂಪನಿಯಲ್ಲಿ ಕೂದಲು ಉದುರುವಷ್ಟು ಕಾಲ ದುಡಿದಿದ್ದರೂ ಅವರ ಕೈಗೆ ಒಂದು ಬ್ಲಾಕನ್ನೂ ಯಾರೂ ಕೊಟ್ಟಿರಲಿಲ್ಲ. ಬೂಟಿನ ಪಕ್ಕದಲ್ಲೇ ಬಿದ್ದಿತ್ತು ಮರದ ಕಾಲಿನ ಗೊಂಬೆ. ಬಗ್ಗಿ ಎತ್ತಿಕೊಂಡರು. ಅತ್ತಿತ್ತ ತಿರುಗಿಸಿ ನೋಡಿದರು. "ಇವನು ಸಾಲಿನಲ್ಲಿ ಕೊನೆಯವನು ಅಲ್ವಾ?" ಎಂದು ಯಾರನ್ನೋ ಕೇಳಿ, ಬೂಟು ಬಿಚ್ಚಿ ಬಾಗಿಲ ಹತ್ತಿರವಿಟ್ಟು ಬಂದು, ಟೈಲರ ಪಕ್ಕ ಜಾಗ ಮಾಡಿಕೊಂಡರು.

ಎಷ್ಟೋ ಹೊತ್ತಿನ ಮೇಲೆ ಅವರ ಕೋಟಿನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅಧಿಕಾರಿ ಅದನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿ ಹಿಡಿದರು. ಎರಡೂ ಕೈಗಳಲ್ಲಿ ಬಸ್‌ಸ್ಟಾಂಡಿನ ಚಾವಣಿ ಇತ್ತು. ಆ ಕಡೆಯಿಂದ ಮೇಲಿನವರ ದನಿ ಹಾಲಿಗೆಲ್ಲ ಕೇಳಿಸಿತು.

"ಏನ್ರೀ ಆಯ್ತು? ವಶಪಡಿಸಿಕೊಂಡ್ರೋ ಇಲ್ವೋ?"

"ಸ್ವಲ್ಪ ತಡೀರಿ ಸಾರ್," ಎಂದರು ಅಧಿಕಾರಿ, "ಇನ್ನೂ ಕಟ್ತಾ ಇದ್ದೀವಿ."